ಬೋಣಿಗೆ ಮಗಳನ್ನು ಕಳಿಸಿದೆ

ಆ ವಿಡಿಯೋ ಸುಳ್ಳು. ಕುಡುಕ ಗಂಡ ಹೆಂಡತಿಗೆ ಹೊಡೆಯುವ ಬೊಂಬೆಯನ್ನು ಕೆ.ಆರ್.ಪೇಟೆಯ ಅಂಗಡಿಯೊಂದರಲ್ಲಿ ಪುಟ್ಟ ಹುಡುಗಿಗೆ ಮಾರುತ್ತಿದ್ದಾರೆ ಅಂತ ಆರು ವರ್ಷದ ಹಿಂದೆ ಹಾಕಿದ್ದೆನಲ್ಲ — ನಿಮ್ಮಲ್ಲಿ ಅರ್ಧ ಜನ ನನ್ನ ಪೇಜಿಗೆ ಬಂದಿದ್ದೇ ಅದನ್ನು ನೋಡಿ — ಅದು ಸುಳ್ಳು. ಬೊಂಬೆ ನಿಜ, ಅಂಗಡಿ ನಿಜ. ಮುಖ ಮಸುಕು ಮಾಡಿದ್ದ ಆ ಹುಡುಗಿ ನನ್ನ ಮಗಳು. ಹೋಗಿ ಕೇಳು ಅಂತ ಕಳಿಸಿದವನು ನಾನು. ಕೊಡಲ್ಲ ಅಂದ ಅಂಗಡಿಯಾಕೆಯ ಮಾತನ್ನು ಕತ್ತರಿಸಿ ಬಿಸಾಕಿದವನೂ ನಾನೇ.

ಆಕೆಯ ಹೆಸರು ಹೇಳುವುದಿಲ್ಲ. ಯಾವ ಬೀದಿ ಅಂತಲೂ ಹೇಳುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಆಕೆಯನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ.

ನನ್ನದು ಕಿಕ್ಕೇರಿಯಲ್ಲಿ ಗೊಬ್ಬರದ ಅಂಗಡಿ. ಬಿಡುವಿನಲ್ಲಿ ಫೋನು ಹಿಡಿದು ನಮ್ಮ ಕಡೆಯ ಸುದ್ದಿ ಹೇಳುತ್ತಿದ್ದೆ. ಹೊಸಹೊಳಲು ದೇವಸ್ಥಾನದ ಗೋಡೆ ತೋರಿಸಿದೆ, ಆಲೆಮನೆ ತೋರಿಸಿದೆ, ಎತ್ತಿನ ಲಾಳ ಕಟ್ಟುವವರನ್ನು ತೋರಿಸಿದೆ. ನೋಡುತ್ತಿದ್ದವರು ನನ್ನ ಭಾವಮೈದುನರು, ಇನ್ನೊಂದಷ್ಟು ಜನ. ನನಗೆ ಅದು ಸಾಲುತ್ತಿರಲಿಲ್ಲ. ಈ ಮಾತನ್ನು ನೇರವಾಗಿಯೇ ಒಪ್ಪಿಕೊಳ್ಳಬೇಕು — ಸಾಲುತ್ತಿರಲಿಲ್ಲ.

ಅಕ್ಕನದು ಬಳೆ, ರಿಬ್ಬನ್ನು, ಆಟದ ಸಾಮಾನಿನ ಸಣ್ಣ ಅಂಗಡಿ. ಗಂಡ ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಬೀದಿಯ ಮಕ್ಕಳೆಲ್ಲ ಸ್ಕೂಲು ಬಿಟ್ಟ ಮೇಲೆ ಅವಳ ಕಟ್ಟೆಯ ಮೇಲೇ ಕೂರುತ್ತಿದ್ದವು. ಒಂದು ಗುರುವಾರ ಮಗಳಿಗೆ ಹೇರ್ ಬ್ಯಾಂಡು ತರಲು ಹೋದಾಗ ಅವಳೇ ಕರೆದಳು.

"ಬಾ ಇಲ್ಲಿ, ನಿನ್ನ ಪೋನಿಗೊಂದು ಇಸ್ಯ ಕೊಡ್ತೀನಿ."

ಸ್ಟೂಲು ಹಾಕಿಕೊಂಡು ಹತ್ತಿ, ಮೇಲಿನ ಹಲಗೆಯ ಹಿಂದಿನಿಂದ ಒಂದು ಪ್ಲಾಸ್ಟಿಕ್ ಬೊಂಬೆ ಇಳಿಸಿದಳು. ಕೀ ಕೊಟ್ಟಳು. ಒಂದು ಕೈಯಲ್ಲಿ ಬಾಟಲಿ ಹಿಡಿದ ಗಂಡಸಿನ ಇನ್ನೊಂದು ಕೈ ಮೇಲೆ ಕೆಳಗೆ ಆಡಿತು. ಮುಂದೆ ಕೂತ ಹೆಂಗಸಿನ ಬೊಂಬೆ ಏಟಿಗೊಮ್ಮೆ ಬಗ್ಗಿತು. ಒಳಗಿಂದ ಕಿಸಿಕಿಸಿ ನಗುವ ಸದ್ದು ಬೇರೆ.

ಬೆಂಗಳೂರಿನ ಹೋಲ್‌ಸೇಲಿನಲ್ಲಿ ಆಟದ ಸಾಮಾನು ಆರಿಸಿಕೊಳ್ಳುವ ಹಾಗಿಲ್ಲ. ಸೀಲು ಮಾಡಿದ ಡಬ್ಬ, ಒಳಗೆ ಏನಿದೆಯೋ ಅದು. ಊರಿಗೆ ತಂದು ಒಡೆದ ಮೇಲೆಯೇ ಗೊತ್ತಾಗುವುದು. ಬೇಡದ್ದನ್ನು ಮುಂದಿನ ಸಲ ಹೋದಾಗ ವಾಪಸು ಕೊಟ್ಟು ಬರಬೇಕು.

"ಇಂತಾವು ಆರು ಬಂದವೆ ಕಣಪ್ಪ. ಮಕ್ಳ ಕೈಗೆ ಕೊಡಾದಾ ಇದ? ನಮ್ಮನೇಲಿ ನಾನು ತಿಂದಿದ್ದು ಸಾಲದಾ, ಇವೂ ನೋಡಿ ನಗಬೇಕಾ? ಮಾಡ್ದೋರ್ಗೆ ಉಗಿ. ನಿನ್ನ ಪೋನಲ್ಲಿ ಚೆನ್ನಾಗಿ ಉಗಿ."

ಅವಳ ಗಂಡ ಹೇಗಿದ್ದ ಅಂತ ಕೆ.ಆರ್.ಪೇಟೆಯಲ್ಲಿ ಗೊತ್ತಿಲ್ಲದವರು ಇರಲಿಲ್ಲ. ನನಗೂ ಗೊತ್ತಿತ್ತು.

ಊರಿಗೆ ಬರುವಾಗ ಬೈಕಿನ ಮೇಲೆ ಯೋಚನೆ ಮಾಡಿದೆ. ಎಲ್ಲೋ ಬೆಂಗಳೂರಿನ ಹೆಸರಿಲ್ಲದ ಹೋಲ್‌ಸೇಲಿನವನಿಗೆ ಬೈದರೆ ಯಾರು ನೋಡುತ್ತಾರೆ? ಜನಕ್ಕೆ ಒಂದು ಅಂಗಡಿ ಬೇಕು, ಕೊಡುವ ಕೈ ಬೇಕು, ತೆಗೆದುಕೊಳ್ಳುವ ಮಗು ಬೇಕು. ಅಕ್ಕ ತಾನಾಗಿ ಕೊಡುವವಳಲ್ಲ. ಆದರೆ ನಾನೂ ಅಂಗಡಿ ಇಟ್ಟವನು. ಬಾಗಿಲು ತೆಗೆದ ಮೇಲೆ ಬಂದ ಮೊದಲ ಗಿರಾಕಿಗೆ ಇಲ್ಲ ಅನ್ನಬಾರದು, ಬೋಣಿ ಕೆಟ್ಟರೆ ದಿನವೇ ಕೆಟ್ಟಂತೆ ಅನ್ನುವುದು ನಮ್ಮ ಕಡೆಯ ಅಂಗಡಿಯವರಿಗೆಲ್ಲ ರಕ್ತದಲ್ಲಿದೆ. ಮಾರನೆಯ ದಿನ ಶುಕ್ರವಾರ. ಬೋಣಿಗೆ ಹೆಣ್ಣುಮಗು ಬಂದು ನಿಂತರೆ —

ಇಷ್ಟು ಲೆಕ್ಕ ಹಾಕಿದ್ದೆ. ಸಿಟ್ಟಿನಲ್ಲಿ ಆಗಿಹೋಯಿತು ಅನ್ನುವಂಥದ್ದಲ್ಲ ಇದು.

ಬೆಳಿಗ್ಗೆ ಅಕ್ಕ ಷಟರ್ ಎತ್ತಿ, ನೀರು ಚಿಮುಕಿಸಿ, ಊದುಬತ್ತಿ ಹಚ್ಚುವ ಹೊತ್ತಿಗೆ ನಾವು ಅಲ್ಲಿದ್ದೆವು. ಮಗಳಿಗೆ ಏಳು ವರ್ಷ, ಹಸಿರು ಲಂಗ ಹಾಕಿದ್ದಳು. ನನ್ನ ಅಂಗಿಯ ಜೇಬಿನಲ್ಲಿ ಫೋನು, ಕ್ಯಾಮೆರಾ ಹೊರಗೆ.

"ಅತ್ತೆ, ಮೇಲಿರೋ ಕೀ ಬೊಂಬೆ ಕೊಡಿ."

"ಅದು ಬ್ಯಾಡ ಕಣವ್ವ, ಅದು ಕೊಡಾದಲ್ಲ. ಬಳೆ ತಗ. ಬಣ್ಣದ ಚೆಂಡು ಐತೆ, ತಗ."

ಮಗಳು ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ. "ಅದೇ ಬೇಕು" ಅಂದಳು.

"ಏನಪ್ಪ, ನೀನಾರ ಏಳಬಾರ್ದಾ? ಸುಕ್ರವಾರ, ಎಣ್ಮಗ, ಬೋಣಿ ಬೇರೆ. ಎಂಗೆ ಇಲ್ಲ ಅನ್ಲಿ ನಾನು?"

"ಕೊಡಕ್ಕ, ಮಕ್ಳು ತಾನೆ. ಮನೆಗೋಗಿ ನಾನೇ ಕಿತ್ಕತೀನಿ ಬುಡು."

ಈ ಮಾತು ಆಡಿದ್ದು ನಾನು. ಇದನ್ನು ನಂಬಿಯೇ ಅವಳು ಸ್ಟೂಲು ಹತ್ತಿದಳು. "ಕೀ ಕೊಡಬ್ಯಾಡ ಕಣವ್ವ" ಅನ್ನುತ್ತಲೇ ಬೊಂಬೆಯನ್ನು ಮಗಳ ಕೈಗಿಟ್ಟಳು. ನಾನು ಕೊಟ್ಟ ನೋಟನ್ನು ಬೋಣಿ ಅಂತ ಕಣ್ಣಿಗೆ ಒತ್ತಿಕೊಂಡಳು.

ಜೇಬಿನ ಫೋನು ಹಿಡಿದಿದ್ದ ನಾಲ್ಕು ನಿಮಿಷದಲ್ಲಿ ನಾನು ಉಳಿಸಿಕೊಂಡಿದ್ದು ಮೂರು ತುಂಡು. ಮಗು ಕೇಳುವುದು, ಕೈ ಕೊಡುವುದು, ನೋಟು ಕಣ್ಣಿಗೆ ಒತ್ತಿಕೊಳ್ಳುವುದು. ಮೇಲೆ ನನ್ನ ದನಿ — "ನೋಡಿ ಸ್ವಾಮಿ, ಹೆಂಗಸಿಗೆ ಬಡಿಯೋ ಬೊಂಬೆ ಮಕ್ಕಳಿಗೆ ಮಾರಿ, ಆ ದುಡ್ಡನ್ನ ಕಣ್ಣಿಗೆ ಒತ್ಕೊಳ್ತಾಳೆ ಈ ತಾಯಿ!"

ಅದು ಬೋಣಿಯ ನಮಸ್ಕಾರ ಅಂತ ನಮ್ಮ ಊರಿನವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಯಾರೂ ನೆನೆಸಿಕೊಳ್ಳಲಿಲ್ಲ.

ರಾತ್ರಿ ಕಳೆಯುವುದರೊಳಗೆ ಪಾಂಡವಪುರ, ಶ್ರೀರಂಗಪಟ್ಟಣ, ಎಲ್ಲರ ಸ್ಟೇಟಸ್ಸಿನಲ್ಲೂ ಅದೇ. ಶನಿವಾರ ಮಧ್ಯಾಹ್ನ ಅಂಗಡಿ ಮುಂದೆ ಜನ. ಬೊಂಬೆಗಳ ಜೊತೆ ಚೆಂಡು, ಗಿಲಕಿ, ಬಳೆ ಎಲ್ಲವನ್ನೂ ಬೀದಿಗೆ ಎಳೆದು ಬೆಂಕಿ ಹಚ್ಚಿದರು. ನಾನು ಎರಡನೇ ವಿಡಿಯೋ ಮಾಡುತ್ತಿದ್ದೆ. ಹೊಗೆಯ ಮಧ್ಯೆ ಅಕ್ಕ ನನ್ನನ್ನು ಕಂಡಳು. ಅವಳ ಮುಖ ಗೆಲುವಾಯಿತು — ಅಯ್ಯೋ, ಗೆಲುವಾಯಿತು! ಆ ವಿಡಿಯೋವನ್ನು ಅವಳು ನೋಡಿರಲಿಲ್ಲ, ಮಾಡಿದ್ದು ಯಾರು ಅಂತ ಅವಳಿಗೆ ಇನ್ನೂ ಗೊತ್ತಿರಲಿಲ್ಲ.

"ನೀನಾರ ಏಳಪ್ಪ ಇವರ್ಗೆ! ನೀನಿದ್ದಲ್ಲಾ, ಏಳು!"

ನಾನು ಫೋನನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ. ಪರದೆಯ ಮೇಲೆ ಅವಳು ನನ್ನನ್ನೇ ನೋಡುತ್ತಿದ್ದಳು. ಯಾವಾಗ ಗೊತ್ತಾಯಿತೋ — ಕೈ ಕೆಳಗೆ ಬಿಟ್ಟಳು. ತಿಂಗಳಲ್ಲಿ ಅಂಗಡಿ ಖಾಲಿ ಮಾಡಿ ಹೋದಳು ಅಂತ ಕೇಳಿದೆ.

ನನ್ನ ಪೇಜು ಬೆಳೆಯಿತು. ಹಾರ ಹಾಕಿದರು, ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು. ಆದರೆ ಟೀ ಅಂಗಡಿಗೆ ಹೋದರೆ ನಡೆಯುತ್ತಿದ್ದ ಮಾತು ನಿಂತುಬಿಡುತ್ತಿತ್ತು. ಎಲ್ಲರ ಕಣ್ಣೂ ಮೊದಲು ನನ್ನ ಅಂಗಿಯ ಜೇಬಿಗೆ ಹೋಗುತ್ತಿತ್ತು. ಚಿಕ್ಕಂದಿನಿಂದ ಜೊತೆಗಿದ್ದ ಗೆಳೆಯ ಒಂದು ದಿನ ನಗುತ್ತಲೇ ಅಂದ, "ಲೇ, ಪೋನ್ ಮನೇಲಿಟ್ಟು ಬಾರ್ಲಾ, ಆಮ್ಯಾಕೆ ಕಷ್ಟ ಸುಖ ಮಾತಾಡವ." ನಾನೂ ನಕ್ಕೆ. ಮಾರನೆಯ ದಿನ ಫೋನು ಬಿಟ್ಟು ಹೋದೆ. ನನ್ನ ಖಾಲಿ ಜೇಬನ್ನು ಯಾರೂ ನಂಬಲಿಲ್ಲ. ಈಗ ನನ್ನ ಅಂಗಡಿಗೆ ಬರುವವರು ಯೂರಿಯಾ ಎಷ್ಟು ಅಂತ ಕೇಳುತ್ತಾರೆ, ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅನ್ನುವುದೂ ನನಗೆ ಗೊತ್ತಾಗುವುದಿಲ್ಲ. ಲಕ್ಷ ಜನಕ್ಕೆ ಕಥೆ ಹೇಳುವವನಿಗೆ ಒಬ್ಬರೂ ತಮ್ಮ ಕಥೆ ಹೇಳುವುದಿಲ್ಲ.

ಈ ವರ್ಷ ಮಗಳ ಸ್ಕೂಲಿನಲ್ಲಿ ಮಕ್ಕಳ ಬಗ್ಗೆ ಮಾತಾಡಲು ನನ್ನನ್ನು ಕರೆದರು. ದೊಡ್ಡ ಪರದೆ ಮೇಲೆ ಅದೇ ವಿಡಿಯೋ ಹಾಕಿದರು. ಚಪ್ಪಾಳೆ ಬಿತ್ತು. ಮೂರನೇ ಸಾಲಿನಲ್ಲಿ ಕೂತ ಮಗಳು ಚಪ್ಪಾಳೆ ತಟ್ಟಲಿಲ್ಲ. ಹದಿಮೂರು ವರ್ಷ ಈಗ. ಬೈಕಿನಲ್ಲಿ ಹಿಂದೆ ಕೂತವಳು ಅರ್ಧ ದಾರಿಯಲ್ಲಿ ಕೇಳಿದಳು, "ಆ ಅತ್ತೆ ಬ್ಯಾಡ ಅಂತ ಏಳಿದ್ರಲ್ಲಪ್ಪ. ನೀನೇ ಅಲ್ವಾ ಕೇಳು ಅಂದಿದ್ದು?"

ಗಾಡಿ ಓಡಿಸುತ್ತಲೇ ಇದ್ದೆ. ಅವತ್ತಿನಿಂದ ಅವಳ ಜೊತೆ ಊಟ ಆಯ್ತಾ, ಫೀಸು ಕಟ್ಟಬೇಕಾ, ಇಷ್ಟೇ ಮಾತು.

ಅಕ್ಕನನ್ನು ಹುಡುಕಿದೆ. ನಾಗಮಂಗಲದ ಕಡೆ ಒಂದು ಊರು, ಅಷ್ಟು ಸಾಕು. ತಂಗಿಯ ಮನೆಯ ಹಿತ್ತಲಲ್ಲಿ ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಕೂರು ಅನ್ನಲಿಲ್ಲ. ನಿಂತೇ ಹೇಳಿದೆ. ತಪ್ಪಾಯಿತು ಅಂದೆ. ಕತ್ತರಿಸದ ನಾಲ್ಕು ನಿಮಿಷವೂ ನನ್ನ ಹತ್ತಿರ ಇದೆ, ಪೂರ್ತಿ ಹಾಕುತ್ತೇನೆ, ಎಲ್ಲರಿಗೂ ಸತ್ಯ ತಿಳಿಯಲಿ ಅಂದೆ.

"ಆಕು. ಇಲ್ಲಿಗೂ ಬತ್ತಾರೆ ಜನ, ಪೋನ್ ಇಡ್ಕಂಡು. ಅವಾಗ ಬಯ್ಯಾಕೆ ಬಂದ್ರು, ಇವಾಗ ಅಯ್ಯೋ ಅನ್ನಾಕೆ ಬತ್ತಾರೆ. ನನ್ನ ಮಖ ತೋರ್ಸಬ್ಯಾಡ ಯಾರ್ಗೂ."

"ಮತ್ತೆ ಏನ್ ಮಾಡ್ಲಿ ಅಕ್ಕ?"

ಒಂದು ಗರಿ ಪೂರ್ತಿ ಸೀಳಿ ಮುಗಿಸಿದಳು.

"ಆ ಬೀದೀಲಿ ಅದಿನೇಳು ಮನೆ ಅವೆ. ಆ ಮಕ್ಳು ನನ್ನ ಕಟ್ಟೆ ಮೇಲೆ ಆಡಿ ಬೆಳದವು. ಪೋನ್ ಬುಟ್ಟು ಓಗು. ಒಂದೊಂದು ಮನೆ ಬಾಗ್ಲಲ್ಲೂ ನಿಂತ್ಕಂಡು ಬಾಯಲ್ಲಿ ಏಳು. ಅವಳು ಬ್ಯಾಡ ಅಂದಿದ್ಲು ಅಂತ ಏಳು."

ಲಕ್ಷ ಜನಕ್ಕೆ ಸುಳ್ಳು ಹೇಳಲು ನನಗೆ ಒಂದು ಸಂಜೆ ಸಾಕಾಗಿತ್ತು. ಮೊದಲ ಮನೆಯ ಬಾಗಿಲು ತಟ್ಟಲು ಮೂರು ವಾರ ಬೇಕಾಯಿತು.

ಅದು ಅಂಗಡಿಯ ಎದುರು ಮನೆ. ಬಟ್ಟೆ ಹೊಲಿಯುವ ಹೆಂಗಸು. ನನ್ನನ್ನು ಗುರುತು ಹಿಡಿದು ಖುಷಿಯಿಂದ ಒಳಗೆ ಕರೆದಳು. ಬಾಗಿಲಲ್ಲೇ ನಿಂತು ಹೇಳಿದೆ. ಎಲ್ಲ ಹೇಳಿ ಮುಗಿಸುವವರೆಗೆ ಅವಳು ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು.

"ಅವತ್ತು ಸಗಣಿ ನೀರು ಎರಚಿದ್ದು ನಾನೇ ಕಣಯ್ಯ. ನನ್ನ ಮಗಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಕೂತಿದ್ದೋಳು ಅವಳು. ಅವಳ ಮಖಕ್ಕೆ..." ಅಂದಳು. ಆಮೇಲೆ ನನ್ನ ಮೇಲೆ ರೇಗಿದಳು. "ಈಗ್ಯಾಕೆ ಬಂದು ಏಳ್ತೀಯ? ಇದನ್ನ ಎಲ್ಲಿಗೆ ತಗಂಡು ಓಗ್ಲಿ ನಾನು? ನಡಿ ಆಚೆಗೆ!"

ಬಾಗಿಲು ಹಾಕಿಕೊಂಡಳು. ನಾನು ಪಕ್ಕದ ಮನೆಗೆ ಹೋಗಲಿಲ್ಲ. ಹೋಗಬೇಕಿತ್ತು. ಬಸ್ಸು ಹತ್ತಿ ಸೀದಾ ಅಕ್ಕನ ಹತ್ತಿರ ಹೋದೆ. ಎದುರು ಮನೆಯಾಕೆ ಹೀಗೆ ಅತ್ತಳು, ಇಷ್ಟು ನೊಂದುಕೊಂಡಳು ಅಂತ ಬಣ್ಣ ಕಟ್ಟಿ ಹೇಳಿದೆ. ಅವಳು ಅತ್ತಿರಲೇ ಇಲ್ಲ. ನನ್ನ ನಾಲಿಗೆ ನೋಡಿ, ಅಲ್ಲೂ ಕಥೆ ಮಾಡಿತು. ಇಷ್ಟು ಕೇಳಿದರೆ ಅಕ್ಕನ ಮನಸ್ಸು ಕರಗಬಹುದು, ಉಳಿದದ್ದು ಸಾಕು ಬಿಡಪ್ಪ ಅನ್ನಬಹುದು ಅಂತ ಆಸೆ.

ಅವಳು ತಲೆ ಎತ್ತಲಿಲ್ಲ.

"ಒಂದು ಮನೆ ಆಯ್ತು. ಉಳಿದವು?"

ಹದಿನಾರು ಉಳಿದಿವೆ. ಆ ವಿಡಿಯೋ ನಿಮ್ಮ ಮನೆಗಳಿಗೂ ಬಂದಿತ್ತು, ಅದಕ್ಕೆ ಇದನ್ನು ನಿಮಗೂ ಹೇಳಬೇಕಿತ್ತು. ಕೂತಲ್ಲೇ ಬರೆದು ಹೇಳಿದೆ, ಇದು ಸುಲಭದ್ದು. ಕೆಳಗೆ ಭೇಷ್ ಅಂತ ಬರೆಯಬೇಡಿ. ಫೋನನ್ನು ಇಲ್ಲೇ ಗೊಬ್ಬರದ ಅಂಗಡಿಯಲ್ಲಿ ಬಿಟ್ಟು ಆ ಬೀದಿಗೆ ಹೊರಟಿದ್ದೇನೆ. ನೀವು ಏನು ಬರೆದರೂ ನನಗೆ ಕಾಣುವುದಿಲ್ಲ.