ಮಾಳಿಗೆ ಇಳಿಸಿದ ವಸಂತ

ಮಂಠಾಳಕ್ಕೆ ಬಂದ ದಿನ ಉಣ್ಣಲು ಕುಳಿತರೆ ಅನ್ನದ ಮೇಲೆ ಮಣ್ಣು ಉದುರಿತು. ತಲೆಯೆತ್ತಿ ನೋಡಿದೆ. ಹೆಂಚಿರಲಿಲ್ಲ. ತೊಲೆ, ಜಂತಿ, ಅದರ ಮೇಲೆ ಮೊಳ ದಪ್ಪದ ಮಣ್ಣು. ಕಾಲ ಕೆಳಗಿರಬೇಕಾದ ಮಣ್ಣನ್ನು ಇಲ್ಲಿಯವರು ತಲೆಯ ಮೇಲೆ ಹೊತ್ತುಕೊಂಡಿದ್ದರು.

ರಾಜ್ಯ ಒಂದಾದ ಹೊಸತರಲ್ಲಿ ನಮ್ಮವರಿಗೆ ಈ ಊರಿನ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತ್ತು. ನಾನು ನಂಜನಗೂಡಿನವಳು. ಅಲ್ಲಿ ಬಿಸಿಲು ಏರತೊಡಗಿದರೆ ಅಣ್ಣ ಆಳು ಕರೆಸಿ ಹೆಂಚು ಕೈಯಾಡಿಸುತ್ತಿದ್ದ. ಒಡೆದದ್ದು ತೆಗೆದು ಹೊಸದು ಹೊದಿಸಿದರೆ ಸಂಜೆಗೆ ಕೆಲಸ ಮುಗಿಯಿತು. ಇಲ್ಲಿ ಯುಗಾದಿಯ ಆಸುಪಾಸಿನಲ್ಲಿ ಸವಳು ಮಣ್ಣು ತಂದು ಮಾಳಿಗೆಗೆ, ಎಂದರೆ ಈ ಮಣ್ಣಿನ ಸೂರಿಗೆ, ಹರವಿ, ನೀರು ಚಿಮುಕಿಸಿ ಬಡಿಯುತ್ತಾರೆ. ಬಿಳಿಚಿದ ಆ ಮಣ್ಣು ನೀರು ಇಳಿಯಗೊಡುವುದಿಲ್ಲ. ಪದರದ ಮೇಲೆ ಪದರವಾಗಿ ಭಾರ ಹೆಚ್ಚಿದರೆ ಹಳೆಯದನ್ನು ಕೆದರಿ ಕೆಳಗೆ ಹಾಕುತ್ತಾರೆ. ಅದಕ್ಕೆ ‘ಮಾಳಿಗಿ ಇಳಸೂದು’ ಎನ್ನುತ್ತಾರೆ. ಪಕ್ಕದ ಮನೆಯ ನಾಗಮ್ಮ ಮೊದಲ ವರ್ಷ ಆ ಮಾತೆತ್ತಿದಾಗ, ಮನೆ ಬಿಡಲು ಹೇಳುತ್ತಿದ್ದಾಳೆಂದು ಹೆದರಿದ್ದೆ.

ಮೂರನೆಯ ವಸಂತಕ್ಕೆ ನಮ್ಮವರು ವಿಷಮಶೀತಜ್ವರದಿಂದ ಮಲಗಿದರು. ಹುಮನಾಬಾದಿನಿಂದ ಬಂದ ಡಾಕ್ಟರು ಔಷಧ ಕೊಟ್ಟು, ಬಸ್ಸಿನ ಕುಲುಕಾಟ ಇವರ ಕರುಳು ತಡೆಯದು, ಎಲ್ಲಿಗೂ ಸಾಗಿಸಬೇಡಿ ಎಂದರು. ಅದೇ ವಾರ ಅವರು ಮಲಗಿದ್ದ ಹೊರಸಿನ ನೇರಕ್ಕೆ ತೊಲೆ ಬಿರುಕು ಬಿಟ್ಟಿತು. ಹೊರಸು ಸರಿಸಲು ಬೇರೆ ಕೋಣೆ ಇರಲಿಲ್ಲ. ಮನೆ ಬಾಡಿಗೆಗೆ ಕೊಟ್ಟ ಯಜಮಾನ ದೂರದ ಊರಿನಲ್ಲಿದ್ದ. ಊರಿಗೆ ಊರೇ ಜೋಳದ ರಾಶಿಯಲ್ಲಿತ್ತು. ಮನೆಮನೆಗೆ ಹೋಗಿ ಬೇಡಿದೆ. ನಾಡಿದ್ದು ನೋಡೋಣ ಎಂದರು.

ನಾನೇ ಸಲಿಕೆ ಹಿಡಿದು ಮೇಲೆ ಹತ್ತಿದೆ. ನಾನು ಒಮ್ಮೆ ಕೆದರಿದರೆ ಕೆಳಗೆ ಅವರ ಮೇಲೆ ಬುಟ್ಟಿಯಷ್ಟು ಉದುರುತ್ತಿತ್ತು. ಅವರ ಕೆಮ್ಮು ಬೆಳಕಿಂಡಿಯಿಂದ ಕೇಳಿಸುತ್ತಿತ್ತು. ಕೆದರಿದರೂ ಭಯ, ಬಿಟ್ಟರೂ ಭಯ. ಅಲ್ಲೇ ಬಿಸಿಲಲ್ಲಿ ಕುಳಿತು ಅತ್ತೆ. ಪಕ್ಕದ ಮಾಳಿಗೆಯಲ್ಲಿ ಸಗಣಿಯ ಕುಳ್ಳು ಒಣಗಿಸುತ್ತಿದ್ದ ನಾಗಮ್ಮ ನೋಡಿದಳು.

“ಕೆಳಗ ಬರ್ರಿ ಅಕ್ಕೋರ. ಮಾಸ್ತರಿಗಿ ನಮ್ಮ ಮನಿಗಿ ತರ್ತೀವಿ.”

ಅವರದು ಕುರಿ ಕಾಯುವ ಮನೆತನ. ಕುರಿಮರಿಗಳನ್ನು ಅಂಗಳಕ್ಕೆ ಅಟ್ಟಿ, ನೆಲ ಸಾರಿಸಿ, ನಾಗಮ್ಮನ ಗಂಡ ಶರಣಪ್ಪ ಮತ್ತು ಅವನ ತಮ್ಮಂದಿರು ಹೊರಸನ್ನು ಹೊತ್ತು ತಂದರು. ಮೇಲೆ ಗಟ್ಟಿ ತೊಲೆ ಕಂಡು, ಇನ್ನು ಬದುಕಿದರು ಎಂದುಕೊಂಡೆ.

ಜ್ವರ ಇಳಿಯಲಿಲ್ಲ. ಯುಗಾದಿ ಹತ್ತಿರ ಬಂದಾಗ ಅವರಿಗೆ ನನ್ನ ಗುರುತೂ ತಪ್ಪತೊಡಗಿತು. ಹಬ್ಬದ ಹೊತ್ತಿಗೆ ನಿಮ್ಮ ಮನೆಯಲ್ಲಿ ಸಾವು ಬೇಡ, ಬೇವಿನ ಮರದ ಕೆಳಗಾದರೂ ಹೊರಸು ಹಾಕಿಸಿ ಎಂದು ನಾಗಮ್ಮನ ಕೈ ಹಿಡಿದೆ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. “ಹಬ್ಬ ಬರೋ ವರ್ಷ ಬರ್ತದ್ರಿ. ಜೀವ ಹೋಗೂ ಮನುಷ್ಯಾಗ ಹೊರಗ ಹಾಕಿ ನಾವ್ ಹೋಳಗಿ ಹ್ಯಾಂಗ ತಿನ್ನಬೇಕು?”

ಮರುದಿನ ಮಧ್ಯಾಹ್ನ ಅವರು ಅಲ್ಲೇ ತೀರಿಕೊಂಡರು. ಆ ಮನೆಯಲ್ಲಿ ಆ ವರ್ಷ ಯುಗಾದಿ ಆಗಲಿಲ್ಲ.

ನಾನು ನಾಗಮ್ಮನ ಮನೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಾಗ ಪಕ್ಕದಲ್ಲಿ ಸಲಿಕೆಯ ಸದ್ದು ಕೇಳುತ್ತಿತ್ತು. ನಾಳೆ ನಾಡಿದ್ದು ಎಂದಿದ್ದವರೂ ಬಂದು ನಮ್ಮ ಮಾಳಿಗೆ ಇಳಿಸಿದರು, ತೊಲೆ ಬದಲಿಸಿದರು, ಹೊಸ ಮಣ್ಣು ಬಡಿದರು. ಇಷ್ಟು ಬೇಗ ಆಗುವ ಕೆಲಸ ಒಂದು ವಾರ ಮೊದಲೇ ಆಗಿದ್ದರೆ ಎಂದು ಕೂಗಬೇಕೆನಿಸಿತು. ಅವರನ್ನು ಕೊಂದದ್ದು ಜ್ವರ, ತೊಲೆಯಲ್ಲ ಎಂಬುದು ನನಗೂ ಗೊತ್ತಿತ್ತು. ಆದರೂ ಆ ಸದ್ದು ಸಹಿಸಲಾಗಲಿಲ್ಲ.

ಕರೆದೊಯ್ಯಲು ಅಣ್ಣ ಬಂದ. ಹೋದೆ. ಮಳೆಗಾಲ ಮುಗಿಯುವ ಮೊದಲೇ ತಿರುಗಿ ಬಂದೆ. ಯಾಕೆಂದು ಅವನಿಗೆ ತಿಳಿಸಿ ಹೇಳಲು ಇಂದಿಗೂ ಬಂದಿಲ್ಲ. ಇಲ್ಲಿ ಅದೇ ಮನೆಯಲ್ಲಿದ್ದು ಬಾಲವಾಡಿಯ ಮಕ್ಕಳಿಗೆ ಅಕ್ಷರ ಕಲಿಸುತ್ತ ಉಳಿದೆ. ಇಲ್ಲಿನವರಿಗೆ ನಾನು ಈಗಲೂ ‘ಮೈಸೂರ ಅಕ್ಕೋರು’. ನಂಜನಗೂಡಿನಲ್ಲಿ ಅತ್ತಿಗೆ ನನ್ನ ಮಾತು ಕೇಳಿ ನಗುತ್ತಾಳೆ.

ಹೋದ ಬೇಸಿಗೆಯಲ್ಲಿ, ಇಲ್ಲಿಯ ಮಾಳಿಗೆಗೆ ಇನ್ನೂ ಮಣ್ಣು ಬಡಿಸದೆ, ನಂಜನಗೂಡಿಗೆ ಹೋಗಿದ್ದಾಗ ಒಂದು ಸಂಜೆ ಅಕಾಲದ ಮಳೆ ಹುಯ್ಯಿತು. ಎಲ್ಲರೂ ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆವು.

“ಮನೆ ಸೋರುತ್ತೋ ಏನೋ” ಎಂದೆ.

ಅಣ್ಣ ತಲೆಯೆತ್ತಿ ತನ್ನ ಹೆಂಚುಗಳನ್ನು ನೋಡಿದ.