ಎಡಗೆನ್ನೆಯ ಮಚ್ಚೆ

ನಾನು ಕೆಲಸಕ್ಕಿರುವ ಅಚ್ಚಿನಂಗಡಿಯ ಒಡತಿಯನ್ನು ಬೀದಿಯವರೆಲ್ಲ ಉಳಿಯಕ್ಕ ಎನ್ನುತ್ತಾರೆ. ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಒತ್ತುವುದು ಅವಳ ಕಸುಬು. ಸೋಪಿನ ಡಬ್ಬಿಗೆ ಅಂಟಿಸುವ ಚೀಟಿಗಳಿಂದ ಹೊಟ್ಟೆ ತುಂಬುತ್ತದೆ. ಸಾಲ ಮಾಡಿ ಮೆರೆಯುವವರನ್ನು ಗೇಲಿ ಮಾಡುವ ಚಿತ್ರಗಳಿಂದ ಹೊಟ್ಟೆಯುರಿ ತಣಿಯುತ್ತದೆ. ಅವನ್ನು ಅಂಗಡಿ ಮುಂದೆ ದಾರಕ್ಕೆ ತೂಗುಹಾಕುತ್ತಾಳೆ. ಅವಳು ಯಾರನ್ನಾದರೂ ಕ್ಷಮಿಸಿದ್ದನ್ನು ನಾನು ಕಂಡಿಲ್ಲ. ನನ್ನನ್ನು ಇನ್ನೂ ಇಟ್ಟುಕೊಂಡಿರುವುದು ಕ್ಷಮೆಯಿಂದಲ್ಲ. ಈ ಸಂಬಳಕ್ಕೆ ಬೇರೆ ಯಾರೂ ಸಿಗುವುದಿಲ್ಲ.

ಅವಳ ತಮ್ಮ ದರ್ಜಿ. ಶೋಕಿಲಾಲನೊಬ್ಬ ಅವನಿಂದ ನೇರಳೆ ವೆಲ್ವೆಟ್ಟಿನ ಕೋಟು ಹೊಲಿಸಿಕೊಂಡು ಕಾಸು ಕೊಡಲಿಲ್ಲ. ಕೇಳಹೋದರೆ, "ನಿನ್ನಂಥವನ ಹತ್ರ ನಾನು ಹೊಲಿಸ್ತೀನಾ?" ಎಂದು ಎಲ್ಲರೆದುರು ನಕ್ಕ. ಬಟ್ಟೆ ಕೊಟ್ಟ ವ್ಯಾಪಾರಿ ಬಾಕಿಗೆಂದು ತಮ್ಮನ ಹೊಲಿಗೆ ಯಂತ್ರವನ್ನೇ ಹೊತ್ತೊಯ್ದ. ಆ ದಿನ ಅಕ್ಕ ಉಳಿ ಮಸೆದಳು.

"ಅವನ ಬಾಯಿಂದಲೇ ಒಪ್ಪಿಸ್ತೀನಿ."

ಚಿತ್ರ ಅವಳೇ ಬರೆದಳು: ಶೋಕಿಲಾಲ ಎದೆಯುಬ್ಬಿಸಿ ನಡೆಯುತ್ತಿದ್ದಾನೆ, ದರ್ಜಿ, ಬೂಟಿನವನು, ಹೋಟೆಲಿನವನು ಕೋಟಿನ ಚುಂಗು ಹಿಡಿದು ನೇತಾಡುತ್ತಿದ್ದಾರೆ. ಹಲಗೆಗೆ ಇಳಿಸುವ ಕೆಲಸ ನನ್ನದು. ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಹಾಗಾಗಿ ಚಿತ್ರದ ತೆಳು ಕಾಗದವನ್ನು ಮಗುಚಿ ಅಂಟಿಸಿ ಕೆತ್ತಬೇಕು. ಮಹಾನುಭಾವ ನಾನು, ಮಗುಚಲಿಲ್ಲ.

ದಾರಕ್ಕೆ ಹಾಕಿದ ಮೇಲೆ ಪಕ್ಕದ ಬೇಕರಿಯವನು ಕಣ್ಣು ಕಿರಿದಾಗಿಸಿದ. "ಯಾರಕ್ಕಾ ಇದು? ಅವನ ಮಚ್ಚೆ ಎಡಗೆನ್ನೆ ಮೇಲಲ್ವಾ? ಬೈತಲೆನೂ ಈ ಕಡೆ ಅಲ್ಲ." ನೋಡಿದವರೆಲ್ಲ, ಇವನ್ಯಾರೋ ಬೇರೆ ಎಂದರು.

ಅಕ್ಕ ನನ್ನತ್ತ ತಿರುಗಿದಳು. "ನಿನ್ನ ತಲೇನೂ ಹಲಗೆಗೆ ಅಂಟಿಸಿಬಿಡ್ಲಾ?"

"ಬೇಡಕ್ಕಾ, ಯಾವ ಕಡೆಯಿಂದ ಒತ್ತಿದ್ರೂ ಖಾಲಿ ಹಾಳೆನೇ ಬರೋದು."

ಅಷ್ಟರಲ್ಲಿ ಶೋಕಿಲಾಲನೇ ನುಗ್ಗಿದ, ಅದೇ ಕೋಟಿನಲ್ಲಿ. "ನನ್ನ ಮುಖಾನ ಬೀದೀಲಿ ನೇತುಹಾಕ್ತೀಯಾ?"

"ಇದು ನೀವಲ್ಲ ಸ್ವಾಮಿ," ಎಂದ ಬೇಕರಿಯವನು, "ಮಚ್ಚೆ ಬಲಗಡೆ ಇದೆ."

"ನನ್ನ ಮುಖ ನನಗೆ ಗೊತ್ತಿಲ್ವೇನಯ್ಯಾ? ದಿನಾ ನೋಡ್ತೀನಿ, ಹೀಗೇ ಇರೋದು!"

ನೋಡುತ್ತಾನೆ, ನಿಜ. ಆದರೆ ಕನ್ನಡಿಯಲ್ಲಿ. ಅಲ್ಲಿ ಅವನಿಗೆ ಕಾಣುವ ಮುಖವನ್ನೇ ನಾನು ಗೊತ್ತಿಲ್ಲದೆ ಕೆತ್ತಿಟ್ಟಿದ್ದೆ. ಬೀದಿಗೆಲ್ಲ ಸಿಗದ ಗುರುತು ಅವನೊಬ್ಬನಿಗೆ ಸಿಕ್ಕಿತ್ತು.

ಅಕ್ಕನ ದನಿ ಬೆಣ್ಣೆಯಾಯಿತು. "ಕೋಟೂ ನಿಮ್ಮದೇನಾ?"

"ಮತ್ತಿನ್ಯಾರದು? ಇಂಥ ಕಾಲರು ಬೇರೆ ಯಾರಿಗಿದೆ?"

"ಹಾಗಾದ್ರೆ ಚುಂಗಿಗೆ ನೇತಾಡ್ತಿರೋ ದರ್ಜಿ ನನ್ನ ತಮ್ಮ. ಎಲ್ಲಾರೂ ಕೇಳಿಸ್ಕೊಂಡ್ರಲ್ಲ?"

ಕೇಳಿಸಿಕೊಂಡವರಲ್ಲಿ ಬೂಟಿನವನೂ ಹೋಟೆಲಿನವನೂ ಇದ್ದರು. ಶೋಕಿಲಾಲನ ದನಿ ಇಳಿಯಿತು. "ಚಿತ್ರ ತೆಗಿಯಮ್ಮಾ."

"ಕಾಸು?"

"ಈಗಿಲ್ಲ."

"ಕೋಟು ಬಿಚ್ಚಿ."

ಬಿಚ್ಚಿದ. ಒಳಗಿನ ಅಂಗಿಗೆ ಮುಂದೆ ಮಾತ್ರ ಇಸ್ತ್ರಿ, ಬೆನ್ನೆಲ್ಲ ತೇಪೆ. ಅಕ್ಕ ಚಿತ್ರ ಇಳಿಸಿದಳು. ಕೋಟು ಮಾರಿ ತಮ್ಮ ಯಂತ್ರ ಬಿಡಿಸಿಕೊಂಡ.

ಮರುವಾರ ದಾರದ ಮೇಲೆ ಹೊಸ ಚಿತ್ರ: ತೇಪೆ ಹಾಕಿದ ಬೆನ್ನು, ಓಡುತ್ತಿರುವುದು.

"ತೆಗೀತೀನಿ ಅಂತ ಒಪ್ಪಿದ್ರಲ್ಲಕ್ಕಾ?"

"ತೆಗೆದ್ನಲ್ಲ. ಇನ್ನೊಂದು ಹಾಕಲ್ಲ ಅಂತ ಅಂದ್ನಾ? ಮಸಿ ಕಲಸು, ಇನ್ನೂ ನೂರು ಒತ್ತಬೇಕು."