ಸುಣ್ಣದ ಗೆರೆಯ ಈಚೆ ನಿಂತ ಬೀಗರು

ಸಾಯಂಕಾಲ ನಾಲ್ಕು ಗಂಟೆಗೆ ಆಸ್ಪತ್ರೆಯ ಅಂಗಳದ ಹೊಂಗೆ ಮರದ ಕೆಳಗೆ ನಾವು ನಾಲ್ಕು ಜನ ನಿಂತಿರುತ್ತಿದ್ದೆವು. ಎಲ್ಲರಿಗಿಂತ ಮುಂದೆ ಅಮ್ಮನ ತಮ್ಮ, ನನ್ನ ಸೋದರಮಾವ. ನನಗೆ ಗಂಡು ಗೊತ್ತುಮಾಡಿದವನು ಅವನೇ ಆದ್ದರಿಂದ ಎಲ್ಲ ಕಡೆಯೂ ಒಂದು ಹೆಜ್ಜೆ ಮುಂದೆ ನಿಲ್ಲುವುದು ತನ್ನ ಹಕ್ಕು ಎಂದುಕೊಂಡಿದ್ದ. ಅವನ ಹಿಂದೆ ಮಿಡ್ಲ್‌ಸ್ಕೂಲ್ ಮೇಷ್ಟ್ರಾದ ಅಪ್ಪ, ಕೊಡೆ ಊರಿಕೊಂಡು. ಪಕ್ಕದಲ್ಲಿ ಅಪ್ಪನ ತಾಯಿ, ನಮ್ಮಜ್ಜಿ. ಸೆರಗು ಮೂಗಿನ ಮೇಲೆ, ಕೈಯಲ್ಲಿ ಊಟದ ಕ್ಯಾರಿಯರ್. ಅಜ್ಜಿಯ ತೋಳಿಗೆ ಆಸರೆಯಾಗಿ ನಾನು, ಮದುವೆ ಮಾತು ನಡೆದಿದ್ದ ಹುಡುಗಿ, ತಲೆ ತಗ್ಗಿಸಿಕೊಂಡು. ಮನೆ ಕಾಯಲು ಯಾರಾದರೂ ಬೇಕಲ್ಲ ಎಂದು ಅಮ್ಮ ಉಳಿದುಬಿಟ್ಟಿದ್ದಳು. ನಮ್ಮ ಕಾಲ ಮುಂದೆ ನೆಲದ ಮೇಲೆ ಉದ್ದಕ್ಕೆ ಒಂದು ಸುಣ್ಣದ ಗೆರೆ. ಅದನ್ನು ದಾಟಿದವರನ್ನು ವಾಚ್‌ಮನ್ ಬಯ್ಯುತ್ತಿದ್ದ. ಅವನು ಬಯ್ಯುವ ಮೊದಲೇ ನಮ್ಮಜ್ಜಿ ಬಯ್ಯುತ್ತಿದ್ದಳು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಆ ಸಲದ ಜ್ವರ ದೇಶದೇಶ ಸುತ್ತಿಕೊಂಡು ಬಂದದ್ದು ಎಂದು ಪೇಪರಿನಲ್ಲಿ ಬರೆದಿದ್ದರು. ಚಾಮರಾಜಪೇಟೆಗೆ ಬರುವಷ್ಟರಲ್ಲಿ ಅದಕ್ಕೂ ಸುಸ್ತಾಗಿರಬಹುದು ಅಂತ ನಾವು ಅಂದುಕೊಂಡಿದ್ದೆವು. ಆಗಿರಲಿಲ್ಲ. ಬೀದಿಗೆ ಎರಡು ಮೂರು ಮನೆಯವರು ಹೊದ್ದು ಮಲಗಿದರು. ಆಸ್ಪತ್ರೆಯ ಗೇಟಿಗೆ ಬೋರ್ಡು ಬಿತ್ತು: ಜ್ವರದ ವಾರ್ಡಿಗೆ ಯಾರೂ ಹೋಗಕೂಡದು, ಹೊರಗಿನ ಊಟ, ಬಟ್ಟೆ, ಹೂವು ಒಳಗೆ ಬರಕೂಡದು, ಓಡಾಡಲು ಆಗುವ ರೋಗಿಗಳು ನಾಲ್ಕರಿಂದ ಐದರವರೆಗೆ ಮಹಡಿಯ ವರಾಂಡದಲ್ಲಿ ನಿಲ್ಲಬಹುದು, ನೋಡಲು ಬಂದವರು ಗೆರೆಯ ಈಚೆಯಿಂದ ನೋಡಬಹುದು, ಕೂಗಕೂಡದು. ಹೊರಗೆ ಹೋಗುವಾಗ ಫಿನಾಯಿಲ್‌ನಲ್ಲಿ ನೆನೆಸಿದ ಗೋಣಿತಾಟಿನ ಮೇಲೆ ಕಾಲಿಟ್ಟೇ ಹೋಗಬೇಕು.

ನಮ್ಮ ಕಡೆ ಆಸ್ಪತ್ರೆಗೆ ಸೇರಿದವರನ್ನು ನೋಡದೆ ಇರುವುದು ದೊಡ್ಡ ಅಪರಾಧ. ಮದುವೆಗೆ ಹೋಗದಿದ್ದರೆ ಕ್ಷಮಿಸಬಹುದು, ಜ್ವರಕ್ಕೆ ಹೋಗದಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಇನ್ನು ಮಲಗಿದವರು ಆಗತಾನೆ ಸಂಬಂಧದ ಮಾತಾಡಿ ಹೋದ ಬೀಗರಾದರೆ ಕೇಳಲೇಬೇಡಿ.

ಬೀಗರದು ಪೇಟೆಯಲ್ಲಿ ಬೆಲ್ಲದ ಮಂಡಿ. ಹೆಣ್ಣು ನೋಡಲು ಬಂದಾಗ ಜರಿಯ ರುಮಾಲು, ಕರಿ ಕೋಟು, ಹಣೆ ತುಂಬ ವಿಭೂತಿ, ಎರಡು ಕಡೆ ತಿರುವಿದ ಮೀಸೆ ಇದ್ದವಂತೆ. ಇದ್ದವಂತೆ ಎನ್ನುತ್ತೇನೆ, ಏಕೆಂದರೆ ನಾನು ನೋಡಲಿಲ್ಲ. ತಲೆ ಎತ್ತಬಾರದು ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದಳು. ಮಾವನಾಗುವವರದು ಎಂದು ನಾನು ಕಂಡದ್ದು ಜಮಖಾನದ ಮೇಲಿನ ಎರಡು ಪಾದ ಮಾತ್ರ. ಎಡಗಾಲ ಹೆಬ್ಬೆರಳಿನ ಉಗುರು ಇದ್ದಿಲಿನ ಹಾಗೆ ಕಪ್ಪಗಿತ್ತು. ಮಂಡಿಯಲ್ಲಿ ತೂಕದ ಕಲ್ಲು ಬಿದ್ದಿರಬೇಕು ಅಂದುಕೊಂಡೆ. ಉಪ್ಪಿಟ್ಟಿನ ತಟ್ಟೆ ಇಡುವಾಗ ನೋಡಿದೆ, ಕಾಫಿ ಕೊಡುವಾಗ ನೋಡಿದೆ, ನಮಸ್ಕಾರ ಮಾಡುವಾಗಲಂತೂ ಹಣೆ ಅದಕ್ಕೇ ತಗುಲಿತು. ಹುಡುಗನನ್ನು ನೋಡಿದ್ದು ಅವರು ಹೊರಟ ಮೇಲೆ, ಕಿಟಕಿಯ ಸಂದಿಯಿಂದ. ಬಾಗಿಲಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳ ನಡುವೆ ತನ್ನದನ್ನು ಹುಡುಕುತ್ತಿದ್ದ. ಅಡ್ಡ ಬಂದ ಅಜ್ಜಿಯ ಚಪ್ಪಲಿಯನ್ನು ಕಾಲಿನಿಂದ ತಳ್ಳದೆ ಕೈಯಿಂದ ಎತ್ತಿ ಪಕ್ಕಕ್ಕಿಟ್ಟ. ನನಗೆ ಅಷ್ಟು ಸಾಕಾಯಿತು.

ಆದರೆ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಮದುವೆಯಾದ ಮೇಲೂ ಕೆಲಸ ಬಿಡುವುದಿಲ್ಲ ಎಂದು ಮನೆಯಲ್ಲಿ ಹಟ ಹಿಡಿದಿದ್ದೆ. ಅಪ್ಪ ಆ ಮಾತನ್ನು ಬೀಗರ ಮುಂದಿಟ್ಟಾಗ ಅವರು ಯೋಚನೆ ಮಾಡಿ ಹೇಳ್ತೀನಿ ಎಂದು ಎದ್ದಿದ್ದರು. ಯೋಚನೆ ಮುಗಿಯುವ ಮೊದಲು ಜ್ವರ ಬಂದು ಬೀಗರು ಆಸ್ಪತ್ರೆ ಸೇರಿದರು. ಅವರ ಮನೆಯಲ್ಲಿ ಹೆಂಡತಿ, ಮಗ ಎಲ್ಲರೂ ಮಲಗಿದ್ದರು, ಮಂಡಿಗೂ ಬೀಗ. ನೋಡಲು ಹೋಗುವವರೆಂದರೆ ನಾವೇ. ಹುಡುಗನೂ ಬೇಕು, ಕೆಲಸವೂ ಬೇಕು ಎನ್ನುವ ನನ್ನ ಗತಿ ಮಹಡಿಯ ಮೇಲೆ ಮಲಗಿದ್ದವರ ಬಾಯಿಯಲ್ಲಿತ್ತು. ಆ ಬಾಯಿಗೆ ಗಾಜ್ ಬಟ್ಟೆ ಕಟ್ಟಿದ್ದರು.

ಮೊದಲ ದಿನ ಮಾವ ಮೇಲೆ ನೋಡಿ, ತುದಿಯಲ್ಲಿ ನಿಂತಿದ್ದ ಎತ್ತರದ ಮನುಷ್ಯನನ್ನು ತೋರಿಸಿ, ಅಗೋ ಬೀಗರು ಎಂದ. ಅಪ್ಪನಿಗೆ ಅನುಮಾನ. ರುಮಾಲು ಎಲ್ಲಿ ಎಂದು ಕೇಳಿದರು. ಆಸ್ಪತ್ರೆಯಲ್ಲಿ ರುಮಾಲಿಗೆ ಬಿಡ್ತಾರಾ ಭಾವ, ರೂಲ್ಸು ಎಂದ ಮಾವ. ವಿಭೂತಿ ಎಲ್ಲಿ? ಬೂದಿ ಧೂಳು ಒಳಗೆ ಬಿಡಲ್ಲ, ರೂಲ್ಸು. ಮೀಸೆ? ಬಟ್ಟೆಯ ಹಿಂದಿದೆ. ಇಷ್ಟು ತೆಳ್ಳಗಿದ್ದರಾ? ಜ್ವರ ಬಂದವರು ದಪ್ಪ ಆಗ್ತಾರಾ? ಹೀಗೆ ಬೀಗರಲ್ಲಿ ಇರಬೇಕಾದದ್ದು ಒಂದೊಂದೂ ಇಲ್ಲದೆ ಹೋದರೂ ಮಾವ ಒಂದೊಂದಕ್ಕೂ ಬೋರ್ಡನ್ನೇ ತೋರಿಸಿದ. ಅಷ್ಟರಲ್ಲಿ ಮೇಲಿನವರು ನಮ್ಮ ಕಡೆ ನೋಡಿದರು. ಮಾವ ಕೈ ಮುಗಿದ. ಅವರೂ ಮುಗಿದರು. ಇನ್ನೇನು ಬೇಕು?

ನಾನೊಬ್ಬಳು ನೋಡಬಹುದಿತ್ತು ಅನ್ನಿ. ಆದರೆ ನೋಡಿ ಮಾಡುವುದೇನು, ನನಗೆ ಗೊತ್ತಿದ್ದದ್ದು ಪಾದ. ಅದು ವರಾಂಡದ ಮೋಟುಗೋಡೆಯ ಹಿಂದಿತ್ತು. ನಾನು ಸುಣ್ಣದ ಗೆರೆಯನ್ನೇ ನೋಡುತ್ತಾ ನಿಂತೆ.

ಅಜ್ಜಿಗೆ ಆ ಗೆರೆಯ ಮೇಲೆ ಬಹಳ ಗೌರವ. ಚಿಕ್ಕವಳಾಗಿದ್ದಾಗ ಪ್ಲೇಗಿಗೆ ಹೆದರಿ ಮನೆ ಬಿಟ್ಟು ಊರಾಚೆ ಗುಡಿಸಲಿನಲ್ಲಿ ಇದ್ದವಳು. ಮಾವನ ಕಾಲು ತುಸು ಮುಂದೆ ಹೋದರೆ ಪಂಚೆ ಹಿಡಿದು ಎಳೆಯುತ್ತಿದ್ದಳು. ಆದರೆ ಬೀಗರಿಗೆ ಊಟ ಒಯ್ಯುವುದಿಲ್ಲ ಎಂದರೆ ಅವಳು ಕೇಳುವವಳಲ್ಲ. ವಾಚ್‌ಮನ್ ಕ್ಯಾರಿಯರ್ ತಡೆದ. ಅಜ್ಜಿ ಸ್ವಲ್ಪ ಯೋಚಿಸಿ, ಒಳಗೆ ಕಳಿಸಬೇಡಪ್ಪ, ತೋರಿಸಬಹುದೋ ಎಂದು ಕೇಳಿದಳು. ತೋರಿಸಕೂಡದು ಎಂದು ಬೋರ್ಡಿನಲ್ಲಿ ಇರಲಿಲ್ಲ.

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಅಜ್ಜಿ ಕ್ಯಾರಿಯರ್ ಬಿಚ್ಚಿ ಒಂದೊಂದೇ ಡಬ್ಬಿಯನ್ನು ತಲೆಯ ಮಟ್ಟಕ್ಕೆ ಎತ್ತಿ, ಮೇಲಿನವರ ಕಡೆಗೆ ವಾಲಿಸಿ ಹಿಡಿಯುತ್ತಿದ್ದಳು. ಇದು ಮೆಣಸಿನ ಸಾರು. ಇದು ಹೀರೇಕಾಯಿ ಪಲ್ಯ. ಇದು ಹೋಳಿಗೆ, ನೋಡಿಕೊಳ್ಳಿ, ಗುಣವಾಗಿ ಬಂದ ಮೇಲೆ ಇಂಥದ್ದೇ ಮಾಡ್ತೀನಿ. ಮೇಲಿನವರು ಪ್ರತಿ ಡಬ್ಬಿಗೂ ಕೈ ಮುಗಿಯುತ್ತಿದ್ದರು. ಆಮೇಲೆ ಅಜ್ಜಿ ಎಲ್ಲವನ್ನೂ ಮುಚ್ಚಿ ಮನೆಗೆ ತರುತ್ತಿದ್ದಳು. ರಾತ್ರಿ ನಾವೇ ಉಣ್ಣುತ್ತಿದ್ದೆವು. ಬೀಗರ ಜ್ವರದಲ್ಲಿ ಮಾವ ಒಂದು ಸುತ್ತು ದಪ್ಪಗಾದ.

ಮೂರನೆಯದೋ ನಾಲ್ಕನೆಯದೋ ಸಾಯಂಕಾಲ ಮಾವ ಮುಖ್ಯ ವಿಷಯಕ್ಕೆ ಬಂದ. ಕೂಗುವಂತಿಲ್ಲವಲ್ಲ, ನನ್ನ ಕಡೆ ಬೆರಳು ತೋರಿಸಿ, ಮುಷ್ಟಿಯನ್ನು ರಿಸೀವರಿನ ಹಾಗೆ ಕಿವಿಗಿಟ್ಟುಕೊಂಡು, ಇನ್ನೊಂದು ಕೈಯನ್ನು ಮುಂದೆ ಮುಂದೆ ತಿರುಗಿಸಿ, ಕೆಲಸ, ಕೆಲಸ ಎಂದು ಗಂಟಲು ಒತ್ತಿ ಹೇಳಿದ. ಮೇಲಿನವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಧಾರಾಳವಾಗಿ ತಲೆಯಾಡಿಸಿದರು. ಮಾವನಿಗೆ ಹುರುಪು ಬಂತು. ಬೀಗರು ಛತ್ರವೇ ಆಗಬೇಕು ಎಂದಿದ್ದರಲ್ಲ; ಎರಡು ಕೈಯನ್ನೂ ಚಪ್ಪರದ ಹಾಗೆ ಮಾಡಿ, ನಮ್ಮ ಮನೆಯ ದಿಕ್ಕು ತೋರಿಸಿ, ಛತ್ರ ಬೇಡ, ಮನೆ ಮುಂದೆ ಎಂದು ಅದೇ ದನಿಯಲ್ಲಿ ಹೇಳಿದ. ಅದಕ್ಕೂ ತಲೆ ಆಡಿತು. ಇಂಥ ಬೀಗರು ಸಿಗೋಕೆ ಪುಣ್ಯ ಮಾಡಿರಬೇಕು ಎಂದು ಅಪ್ಪ ಗೋಣಿತಾಟಿನ ಮೇಲೆ ನಿಂತುಕೊಂಡೇ ಹೇಳಿದರು. ನಾನು ಆ ರಾತ್ರಿ ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಡಿಸ್ಚಾರ್ಜ್ ದಿನ ಬಂತು. ಜ್ವರ ಬಿಟ್ಟವರನ್ನೆಲ್ಲ ಒಟ್ಟಿಗೆ ಬಿಡುತ್ತಾರೆ, ಬೆಲ್ಲದ ಮಂಡಿಯವರೂ ಅದರಲ್ಲಿದ್ದಾರೆ ಎಂದು ವಾಚ್‌ಮನ್ ಹೇಳಿದ್ದ. ಹೊರಗೆ ಹೂವಿಗೆ ಅಡ್ಡಿಯಿಲ್ಲ. ಮಾವ ಒಂದು ಭಾರಿ ಸುಗಂಧರಾಜದ ಹಾರ ತಂದ. ನಾನು ಬೆಳಗಿನ ಶಿಫ್ಟ್ ಮುಗಿಸಿ ನೇರವಾಗಿ ಅಲ್ಲಿಗೇ ಬಂದೆ. ಕಟ್ಟಡದ ಹೊರಗೋಡೆಗೆ ಕಲ್ಲಿನ ಮೆಟ್ಟಿಲು. ಅದರ ಬುಡದಲ್ಲಿ ನಾವು. ಚಪ್ಪಲಿಗಳನ್ನೆಲ್ಲ ಔಷಧಿಯಲ್ಲಿ ಅದ್ದಿ ಕೆಳಗೆ ಸಾಲಾಗಿ ಒಣಗಲು ಇಟ್ಟಿದ್ದರಿಂದ ಎಲ್ಲರೂ ಬರಿಗಾಲಿನಲ್ಲೇ ಇಳಿಯುತ್ತಿದ್ದರು.

ಮೆಟ್ಟಿಲಿಳಿಯುವವರ ಕಾಲು ಮೊದಲು ಕಾಣುತ್ತದೆ. ತಲೆ ತಗ್ಗಿಸಿ ನಿಂತ ನನ್ನ ಕಣ್ಣಿಗೆ ಎರಡು ಉದ್ದ ಪಾದ ಬಂದವು. ಉಗುರೆಲ್ಲ ಬೆಳ್ಳಗಿದ್ದವು. ಮಾವ ಹಾರ ಬಿಚ್ಚಿಕೊಂಡು ಮುಂದೆ ಹೋದ. ಆ ಪಾದಗಳ ಹಿಂದೆ, ಒಂದು ಮೆಟ್ಟಿಲು ಮೇಲೆ, ಇನ್ನೆರಡು ಪಾದ ಬಂದವು. ಎಡಗಾಲ ಹೆಬ್ಬೆರಳು ಇದ್ದಿಲಿನ ಹಾಗೆ ಕಪ್ಪು.

"ಅಜ್ಜೀ, ಇವರಲ್ಲ," ಅಂದೆ. "ಹಿಂದೆ ಬರ್ತಿರೋರು."

ಅಷ್ಟರಲ್ಲಿ ಹಾರ ಮೊದಲಿನವರ ಕುತ್ತಿಗೆಗೆ ಬಿದ್ದಾಗಿತ್ತು. ಹಿಂದಿನವರು ಅಲ್ಲೇ ನಿಂತರು. ಮುಖದ ಬಟ್ಟೆ ಇಳಿಸಿದರು. ತಿರುವಿದ ಮೀಸೆ ಹಾಗೇ ಇತ್ತು ಎಂದು ಆಮೇಲೆ ಅಪ್ಪ ಹೇಳಿದರು. ಮಾವ ಹಾರದ ಕಡೆ ಕೈ ಚಾಚಿದ. ಅಜ್ಜಿ ಅವನ ಪಂಚೆ ಎಳೆದಳು. ಒಬ್ಬ ಜ್ವರದವರ ಕೊರಳಿನದನ್ನು ತೆಗೆದು ಇನ್ನೊಬ್ಬರ ಕೊರಳಿಗೆ ಹಾಕುವುದು ಎಂದರೇನು? ಇದ್ದದ್ದು ಒಂದೇ ಹಾರ. ಮಾವ ಬರಿಗೈಯಲ್ಲಿ ಶರಣು ಎಂದ.

ಬೀಗರು ಮೆಟ್ಟಿಲ ಮೇಲಿಂದ ಇಳಿಯಲಿಲ್ಲ. ಅವರ ಮಾತು ಅಪ್ಪನ ಕಡೆಗಿತ್ತು. "ಪಕ್ಕದ ಮಂಚದೋರಿಗೆ ದಿನಾ ಜನ ಬರ್ತಿದ್ರು, ಮೇಷ್ಟ್ರೇ. ಸಾರು ಬಂತು, ಹೋಳಿಗೆ ಬಂತು ಅಂತ ಬಂದು ಹೇಳೋರು. ನನಗೆ ಏಳಕ್ಕೂ ಆಗ್ತಿರಲಿಲ್ಲ. ಪುಣ್ಯವಂತರು ಅಂದ್ಕೊಂಡು ಮಲಗಿದ್ದೆ. ನನಗೂ ಬೀಗರು ಅಂತ ಒಬ್ರು ಇದ್ರಲ್ಲ, ಇದಾರೋ ಇಲ್ವೋ ಅಂತಾನೂ ಯೋಚನೆ ಮಾಡ್ತಿದ್ದೆ."

ಸಂಬಂಧ ಅಲ್ಲೇ ಮುರಿಯಿತು ಅಂದುಕೊಂಡೆ. ಆಗ ಹಾರ ಹಾಕಿಕೊಂಡವರು ಕೆಮ್ಮಿ, ತಾವು ಓಕಳಿಪುರದವರು, ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು, ಮಗ ಇರುವುದು ಗುಂತಕಲ್ಲಿನಲ್ಲಿ ಎಂದೆಲ್ಲ ಹೇಳಿಕೊಂಡರು. ಮೊದಲ ದಿನ ಯಾರೋ ಕೈ ಮುಗಿದರಲ್ಲ ಎಂದು ತಾವೂ ಮುಗಿದರಂತೆ. ಮಾರನೆಯ ದಿನ ನಿಜ ಹೇಳಬೇಕು ಎಂದುಕೊಂಡಿದ್ದರಂತೆ.

"ಹೇಳಬೇಕು ಅಂತಾನೇ ವರಾಂಡಕ್ಕೆ ಬಂದೆ," ಅಂದರು. "ಬರ್ತಾ ಬರ್ತಾ, ಈವತ್ತು ಬರ್ತಾರೋ ಇಲ್ವೋ ಅಂತ ನಾನೇ ದಾರಿ ನೋಡ್ತಿದ್ದೆ. ಆಮೇಲೆ ಬಾಯಿ ಬರಲಿಲ್ಲ, ಸ್ವಾಮಿ."

ಬೀಗರು ನನ್ನ ಕಡೆ ತಿರುಗಿ, ಮುಖ ನೋಡಿದ ಹಿರಿಯರಿಗೆ ಗೊತ್ತಾಗದ್ದು ಈ ಹುಡುಗಿಗೆ ಹೆಂಗೆ ಗೊತ್ತಾಯ್ತು ಎಂದು ಕೇಳಿದರು. ಅವತ್ತು ನಿಮ್ಮ ಕಾಲುಗುರು ನೋಡಿದ್ದೆ ಎಂದೆ.

"ಮುಖಾನೂ ನೋಡಬಹುದಿತ್ತಲ್ಲಮ್ಮ."

ಹಾಗಂದ ಮೇಲೆ ನಾನು ತಲೆ ಎತ್ತಿದೆ. ಅಜ್ಜಿ ನನ್ನ ತೋಳು ಚಿವುಟಿದಳು. ಚಿವುಟಿದ್ದೂ ಒಳ್ಳೆಯದೇ ಆಯಿತು, ಮಾತು ತಾನಾಗಿ ಹೊರಗೆ ಬಂತು: "ನನ್ನ ಕೆಲಸದ ವಿಷಯ ಯೋಚನೆ ಮಾಡಿ ಹೇಳ್ತೀನಿ ಅಂದಿದ್ರಿ."

ಬೀಗರು ಬಾಯಿ ತೆರೆಯುವ ಮೊದಲೇ ಓಕಳಿಪುರದವರು, "ಅದಕ್ಕೆ ನಾನು ಆಗಲೇ ಒಪ್ಪಿಬಿಟ್ಟಿದೀನಲ್ಲ," ಎಂದರು. "ಹುಡುಗಿ ಕೆಲಸ ಮಾಡ್ತೀನಿ ಅಂತಾಳೆ. ಬೇಡ ಅನ್ನಕ್ಕೆ ನಾನ್ಯಾರು?"

ಬೀಗರ ಮೀಸೆ ಅಲುಗಿತು. "ನನ್ನ ಪರವಾಗಿ ಇನ್ನೇನೇನು ಒಪ್ಪಿದೀರಿ, ಅದನ್ನೂ ಹೇಳಿಬಿಡಿ."

"ಚಪ್ಪರ. ಛತ್ರ ಬೇಡವಂತೆ, ಮನೆ ಮುಂದೆ."

ಬೀಗರು ಮೊದಲು ಅವರನ್ನು ನೋಡಿದರು, ಆಮೇಲೆ ಮಾವನನ್ನು, ಆಮೇಲೆ ಅಜ್ಜಿಯ ಕೈಯಲ್ಲಿದ್ದ ಕ್ಯಾರಿಯರನ್ನು. ಕೊನೆಯ ಮೆಟ್ಟಿಲಿಳಿದು ಚಪ್ಪಲಿಗೆ ಕಾಲು ಹಾಕಿ, "ಅದರಲ್ಲಿ ಏನಿದೆ?" ಎಂದರು.

ಹೋಳಿಗೆ ಎಂದಳು ಅಜ್ಜಿ, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ. ಅಭ್ಯಾಸಬಲದಿಂದ ಡಬ್ಬಿಯ ಮುಚ್ಚಳ ತೆಗೆದು ತಲೆಯ ಮಟ್ಟಕ್ಕೆ ಎತ್ತಿಯೂ ಬಿಟ್ಟಳು.

"ನನಗೆ ತೋರಿಸಬೇಡಿ, ಬಡಿಸಿ," ಎಂದರು ಬೀಗರು.

ಗೇಟಿನ ಆಚೆ ಇನ್ನೊಂದು ಹೊಂಗೆಯ ನೆರಳಿನಲ್ಲಿ ಎಲೆ ಹಾಸಿ ಬಡಿಸಿದ್ದಾಯಿತು. ಇಬ್ಬರನ್ನೂ ಅಜ್ಜಿ ಒಂದು ಮಾರು ದೂರ ದೂರ ಕೂರಿಸಿದಳು, ಕೈ ತೊಳೆಯಲು ಮನೆಯಿಂದ ತಂದ ಕೆಂಪು ಸೋಪು ಕೊಟ್ಟಳು. ಎರಡನೇ ಹೋಳಿಗೆ ಮುರಿಯುತ್ತಾ ಬೀಗರು, ಯಾರಿಗೂ ಹೇಳುತ್ತಿಲ್ಲ ಎನ್ನುವ ಹಾಗೆ, ಎಕ್ಸ್‌ಚೇಂಜಿಗೆ ಪೇಟೆಯಿಂದ ಬಸ್ಸು ಸುಲಭ ಎಂದರು.

ಮದುವೆ ನಮ್ಮ ಮನೆಯ ಮುಂದೆ ಚಪ್ಪರದಲ್ಲೇ ಆಯಿತು.

ಎರಡು ವರ್ಷದ ಮೇಲೆ ಮಳೆಗಾಲದಲ್ಲಿ ಮತ್ತೆ ಜ್ವರ ಬಂತು. ಓಕಳಿಪುರದವರನ್ನು ಅದೇ ವಾರ್ಡಿಗೆ ಸೇರಿಸಿದ್ದಾರೆಂದು ಸುದ್ದಿ ಬಂತು. ನಾನು ಶಿಫ್ಟ್ ಮುಗಿಸಿ ಆಸ್ಪತ್ರೆಗೆ ಹೋಗುವ ಹೊತ್ತಿಗೆ ನಾಲ್ಕು ದಾಟಿತ್ತು. ಈಗ ನನ್ನ ಮಾವನವರಾಗಿದ್ದ ಬೀಗರು ಮಂಡಿಯಿಂದ ಹಾಗೇ ಬಂದಿದ್ದರು, ರುಮಾಲು ಕೋಟಿನ ಸಮೇತ. ಹೊಸದಾಗಿ ಎಳೆದಿದ್ದ ಸುಣ್ಣದ ಗೆರೆಯ ಈಚೆ ನಿಂತು ಕ್ಯಾರಿಯರ್ ಬಿಚ್ಚಿ, ಡಬ್ಬಿಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದರು. ಮೇಲಿನಿಂದ ಓಕಳಿಪುರದವರು ಕೈ ಮುಗಿದರು. ಮಾವನವರು ಆ ಡಬ್ಬಿ ಮುಚ್ಚಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತೆಗೆದರು.